ಒಂದೇ ಕಾಲಾ, ಎರಡೂ ಕಾಲಾ?

ಮಡಿಕೇರಿ ಆಕಾಶವಾಣಿ ಕೇಳುತ್ತಿರುವ ಎಲ್ಲರಿಗೂ ನಮಸ್ಕಾರ. ಅಡುಗೆ ಮನೆಯಲ್ಲಿ ರೇಡಿಯೋ ಇಟ್ಟುಕೊಂಡವರು ಸ್ವಲ್ಪ ಸೌಂಡ್ ಜಾಸ್ತಿ ಮಾಡಿ. ಅತ್ತೆ ಪಕ್ಕದಲ್ಲಿದ್ದರೂ ಪರವಾಗಿಲ್ಲ, ಅವರೂ ಕೇಳಲಿ. ಗಂಡಸರಿದ್ದರೆ ಇನ್ನೂ ಒಳ್ಳೆಯದಾಯಿತು.

ದಕ್ಷಿಣ ಕೊಡಗಿನ ಕಾಫಿ ತೋಟಗಳ ನಡುವೆ 30 ವರ್ಷ ಆರೋಗ್ಯ ಸಹಾಯಕಿಯಾಗಿ ಓಡಾಡಿದವಳು ನಾನು. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ, ಎಲ್ಲರಿಗೂ ಸಿಸ್ಟರ್. ಚೀಲದಲ್ಲಿ ಬಸಿರು ತಡೆಯುವ ಮಾಲಾ ಮಾತ್ರೆಯ ಶೀಟು ಯಾವಾಗಲೂ ಇರುತ್ತಿತ್ತು. ಅದನ್ನು ಕೈಗೆ ಕೊಡುವಾಗ ಹೆಂಗಸರು ದನಿ ತಗ್ಗಿಸಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ವರ್ಷಗಟ್ಟಲೆ ನುಂಗಿದ್ರೆ ಗರ್ಭಕೋಶ ಒಣಗಿ ಹೋಗಲ್ವಾ ಸಿಸ್ಟರ್?"

ಇಲ್ಲ, ಒಣಗುವುದಿಲ್ಲ. ಮಾತ್ರೆ ಹೊಟ್ಟೆಯಲ್ಲಿ ಗುಡ್ಡೆ ಬೀಳುವುದೂ ಇಲ್ಲ. ಹಾಗೆ ಗುಡ್ಡೆ ಬೀಳುವಂತಿದ್ದರೆ ಎರಡು ದಿನ ಮರೆತ ಮಾತ್ರಕ್ಕೆ ಬಸಿರಾಗುವ ಭಯ ಯಾಕೆ ಬರುತ್ತಿತ್ತು, ಯೋಚನೆ ಮಾಡಿ. ಇವತ್ತು ನುಂಗಿದ್ದು ಬೇಗನೆ ಮೈಯಿಂದ ಕರಗಿ ಹೋಗುತ್ತದೆ. ಅದಕ್ಕೇ ದಿನಾ ನುಂಗಬೇಕು. ಮಾತ್ರೆ ಇರುವಷ್ಟು ದಿನ ಅಂಡಾಶಯ ಮೊಟ್ಟೆ ಬಿಡುವುದಿಲ್ಲ. ಬಿಟ್ಟ ಮೇಲೆ ಹೆಚ್ಚಿನವರಿಗೆ ಒಂದೆರಡು ತಿಂಗಳಲ್ಲೇ ಮುಟ್ಟು ಮೊದಲಿನ ಲಯಕ್ಕೆ ಬರುತ್ತದೆ. ಮಾತ್ರೆ ಬಿಟ್ಟವರಿಗೂ, ಕಾಂಡೋಮ್ ಬಿಟ್ಟವರಿಗೂ ಒಂದು ವರ್ಷದೊಳಗೆ ಬಸಿರು ನಿಲ್ಲುವ ಲೆಕ್ಕ ಹೆಚ್ಚು ಕಡಿಮೆ ಒಂದೇ. ಮೂರು ತಿಂಗಳಿಗೊಮ್ಮೆ ಹಾಕಿಸುವ ಅಂತರಾ ಚುಚ್ಚುಮದ್ದಿನ ಕತೆ ಮಾತ್ರ ಬೇರೆ. ಅದು ಬಿಟ್ಟ ಮೇಲೆ ಬಸಿರು ನಿಲ್ಲಲು ಕೆಲವು ತಿಂಗಳು ತಡವಾಗುತ್ತದೆ.

ಹಾಗಾದರೆ ಹೆದರಬೇಕಾದ್ದು ಏನೂ ಇಲ್ಲವಾ? ಇದೆ. ಆದರೆ ಅದನ್ನು ಯಾರೂ ಕೇಳುವುದಿಲ್ಲ.

ಜನವರಿ ತಿಂಗಳು, ಕಾಫಿ ಕುಯ್ಲಿನ ಕಾಲ. ಇಳಿಜಾರಿನಲ್ಲಿ ದಿನವಿಡೀ ನಿಂತು ಹಣ್ಣು ಬಿಡಿಸುವವರಿಗೆ ಕಾಲು ನೋವು ಹೊಸದಲ್ಲ. ಒಂದು ಲೈನಿನಲ್ಲಿ 24 ವರ್ಷದ ಹುಡುಗಿ ಎರಡು ದಿನದಿಂದ ಕೆಲಸಕ್ಕೆ ಹೋಗದೆ ಮಲಗಿದ್ದಳು. ಮಾತ್ರೆ ಶುರು ಮಾಡಿ ಮೂರು ತಿಂಗಳು. ಮನೆಯವರು ಬಿಸಿ ಎಣ್ಣೆ ಹಚ್ಚಿ ಮೀನಖಂಡ ತಿಕ್ಕುತ್ತಿದ್ದರು. ನಾನು ಕೇಳಿದೆ, "ಒಂದೇ ಕಾಲಾ, ಎರಡೂ ಕಾಲಾ?" ಬಲಗಾಲು ಮಾತ್ರ ಅಂದಳು. ಮುಟ್ಟಿದರೆ ಬಿಸಿ. ಪಕ್ಕದ ಮನೆಯಲ್ಲಿ ಹೊಲಿಗೆ ಮಾಡುವವಳ ಟೇಪು ತಂದು ಎರಡೂ ಮೀನಖಂಡ ಅಳೆದೆ. ಬಲಗಾಲು 4 ಸೆಂಟಿಮೀಟರ್ ದಪ್ಪ. ತಿಕ್ಕುವುದನ್ನು ನಿಲ್ಲಿಸಿ, ತೋಟದ ಜೀಪಿನಲ್ಲಿ ನೇರ ಆಸ್ಪತ್ರೆಗೆ ಕಳಿಸಿದೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಸಂಚಕಾರ. ಪುಣ್ಯಕ್ಕೆ ಹಾಗಾಗಲಿಲ್ಲ. ಕೆಲವು ತಿಂಗಳು ರಕ್ತ ತೆಳು ಮಾಡುವ ಔಷಧಿ ತೆಗೆದುಕೊಂಡು ಮುಂದಿನ ಕುಯ್ಲಿಗೆ ವಾಪಸ್ ಬಂದಳು.

ಇದು ತುಂಬಾ ಅಪರೂಪ, ಹೆದರಿ ಇವತ್ತೇ ಶೀಟು ಒಲೆಗೆ ಹಾಕಬೇಡಿ. ಮಾತ್ರೆ ತೆಗೆದುಕೊಳ್ಳದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2 ಮಂದಿಗೆ ಹೀಗೆ ಹೆಪ್ಪುಗಟ್ಟುತ್ತದೆ. ಮಾಲಾದಲ್ಲಿರುವ ಲೆವೊನಾರ್ಜೆಸ್ಟ್ರೆಲ್ ಅನ್ನುವ ಹಾರ್ಮೋನಿನ ಜಾತಿಯ ಮಾತ್ರೆ ನುಂಗುವವರಲ್ಲಿ 5ರಿಂದ 7 ಮಂದಿಗೆ. ಮೊಡವೆಗೆ, ಪಿಸಿಓಡಿಗೆ ಅಂತ ಕಾಲೇಜು ಹುಡುಗಿಯರಿಗೆ ಬರೆದುಕೊಡುವ ಡ್ರೊಸ್ಪಿರಿನೋನ್ ಅನ್ನುವ ಇನ್ನೊಂದು ಹಾರ್ಮೋನು ಇರುವ ಮಾತ್ರೆಗಳಲ್ಲಿ 9ರಿಂದ 12. ಬಸುರಿ, ಬಾಣಂತಿಯರಲ್ಲಿ ಇದಕ್ಕಿಂತಲೂ ಜಾಸ್ತಿ. ಒಂದು ವಿಚಿತ್ರ ನೋಡಿ. ಎಲ್ಲರೂ ಹತ್ತು ವರ್ಷದ ಮೇಲೆ ಏನಾಗುತ್ತದೋ ಅಂತ ಹೆದರುತ್ತಾರೆ. ಈ ಹೆಪ್ಪಿನ ಅಪಾಯ ಜಾಸ್ತಿ ಇರುವುದು ಮೊದಲ ವರ್ಷದಲ್ಲೇ.

ಇನ್ನು ಬಿಪಿ. ಒಬ್ಬರು ಒಂಬತ್ತು ವರ್ಷದಿಂದ ಮೆಡಿಕಲ್ ಶಾಪಿನಿಂದ ತಾವೇ ಮಾತ್ರೆ ತಂದು ನುಂಗುತ್ತಿದ್ದರು. ಶುರು ಮಾಡಿದಾಗ 29, ನನಗೆ ಸಿಕ್ಕಾಗ 38. ಅಷ್ಟೂ ವರ್ಷದಲ್ಲಿ ಒಮ್ಮೆಯೂ ಯಾರೂ ಅವರ ತೋಳಿಗೆ ಪಟ್ಟಿ ಸುತ್ತಿರಲಿಲ್ಲ. ತೋಟದಲ್ಲಿ ಶಿಬಿರ ಮಾಡಿದಾಗ ನೋಡಿದರೆ 160/100. ಎರಡನೇ ಸಲ ನೋಡಿದರೂ ಅಷ್ಟೇ ಇತ್ತು. ಸಂಜೆ ಕೆಲಸ ಮುಗಿದ ಮೇಲೆ ಒಂದು ಬೀಡಿ ಸೇದುವ ಅಭ್ಯಾಸ ಬೇರೆ. ವಯಸ್ಸು 35 ದಾಟಿ, ಬೀಡಿ ಸಿಗರೇಟಿನ ಅಭ್ಯಾಸವಿದ್ದರೆ ಮಾಲಾದಂಥ, ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನು ಇರುವ ಮಾತ್ರೆ ಕೂಡದು. ಬಿಪಿ ಇದ್ದರೂ ಕೂಡದು. ಕಣ್ಣ ಮುಂದೆ ಮಿಂಚು ಹೊಡೆದಂತಾಗಿ ಆಮೇಲೆ ಅರೆತಲೆ ನೋವು ಬರುವವರಿಗೂ ಬೇಡ. ಹಾರ್ಟ್ ಅಟ್ಯಾಕ್, ಲಕ್ವ ಹೊಡೆಯುವ ಅಪಾಯ ಇಂಥವರಲ್ಲಿ ಏರುತ್ತದೆ. ಆಕೆಗೆ ಮಾತ್ರೆ ಬಿಡಿಸಿ ಕಾಪರ್-ಟಿ ಹಾಕಿಸಿದೆವು.

ಕ್ಯಾನ್ಸರ್ ವಿಷಯಕ್ಕೆ ಬರುತ್ತೇನೆ. ಇಲ್ಲಿ ಉತ್ತರ ಎರಡೂ ಕಡೆ ಇದೆ, ಒಂದೇ ಕಡೆ ಹೇಳಿದರೆ ಮೋಸವಾಗುತ್ತದೆ. ಸ್ತನ ಕ್ಯಾನ್ಸರ್ ಸಾಧ್ಯತೆ ಮಾತ್ರೆ ನುಂಗುವ ಕಾಲದಲ್ಲಿ ಸ್ವಲ್ಪ ಏರುತ್ತದೆ. ಡೆನ್ಮಾರ್ಕಿನಲ್ಲಿ 18 ಲಕ್ಷ ಹೆಂಗಸರ ದಾಖಲೆ ನೋಡಿ 2017ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಹಾರ್ಮೋನು ಬಳಸುವ ಸುಮಾರು 7,690 ಹೆಂಗಸರಲ್ಲಿ ವರ್ಷಕ್ಕೆ ಒಬ್ಬರಿಗೆ ಹೆಚ್ಚುವರಿಯಾಗಿ ಬರುತ್ತದೆ. ಐದು ವರ್ಷಕ್ಕಿಂತ ಜಾಸ್ತಿ ನುಂಗಿದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಸಾಧ್ಯತೆಯೂ ಏರುತ್ತದೆ, ಬಿಟ್ಟ ಮೇಲೆ ವರ್ಷ ಕಳೆದಂತೆ ಇಳಿಯುತ್ತದೆ. ಅದೇ ಮಾತ್ರೆ ಅಂಡಾಶಯದ ಕ್ಯಾನ್ಸರನ್ನೂ, ಗರ್ಭಕೋಶದ ಒಳಪದರದ ಕ್ಯಾನ್ಸರನ್ನೂ ತಡೆಯುತ್ತದೆ. ಐದು ವರ್ಷ ನುಂಗಿದರೆ ಅಂಡಾಶಯದ ಕ್ಯಾನ್ಸರ್ ಸಾಧ್ಯತೆ ಐದರಲ್ಲಿ ಒಂದು ಭಾಗ ಕಡಿಮೆ. ಆ ರಕ್ಷಣೆ ಮಾತ್ರೆ ಬಿಟ್ಟು ಎಷ್ಟೋ ವರ್ಷ ಉಳಿಯುತ್ತದೆ. ತಾಯಿಗೋ ಅಕ್ಕನಿಗೋ ಸ್ತನ ಕ್ಯಾನ್ಸರ್ ಆಗಿದ್ದರೆ ಮೊದಲೇ ಡಾಕ್ಟರಿಗೆ ಹೇಳಿ. 30 ದಾಟಿದವರು ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಕೋಶದ ಬಾಯಿಯ ತಪಾಸಣೆ ಮಾಡಿಸಿಕೊಳ್ಳಿ.

ದಪ್ಪ ಆಗ್ತಾರೆ ಅನ್ನುವ ಮಾತು ಬಹಳ ಇದೆ. ಮಾತ್ರೆಯಿಂದಲೇ ಸಿಕ್ಕಾಪಟ್ಟೆ ತೂಕ ಏರಿತು ಅನ್ನುವುದಕ್ಕೆ ಪುರಾವೆ ಸಿಕ್ಕಿಲ್ಲ. ಮನಸ್ಸು ಮಂಕಾಗುವುದು ಕೆಲವರಿಗೆ ಇದೆ. ಅದನ್ನು ಯಾರೂ ಸುಮ್ನೆ ನಖರಾ ಅನ್ನಬೇಡಿ, ಮಾತ್ರೆ ಬದಲಾಯಿಸಬಹುದು.

ನಮ್ಮಲ್ಲಿ ಇನ್ನೊಂದು ಮಾತ್ರೆ ಇದೆ, ಅದನ್ನು ಹೇಳದೆ ಬಿಡಲಾರೆ. ಅಕ್ಟೋಬರಿನಲ್ಲಿ ತಲಕಾವೇರಿ ತೀರ್ಥೋದ್ಭವ, ಆಮೇಲೆ ಪುತ್ತರಿ, ನಡುವೆ ಮದುವೆಗಳು. ಡೇಟ್ ಮುಂದೆ ಹಾಕುವ ಮಾತ್ರೆ ಕೊಡಿ ಅಂತ ಮೆಡಿಕಲ್ ಶಾಪಿಗೆ ಬರುವವರು ಎಷ್ಟೋ ಮಂದಿ. ಅದು ನೊರೆಥಿಸ್ಟಿರೋನ್ ಅನ್ನುವ ಹಾರ್ಮೋನಿನ ಮಾತ್ರೆ, ದಿನಕ್ಕೆ ಮೂರು ಸಲ. ಅದರಿಂದ ಬಸಿರು ತಡೆಯುತ್ತದೆ ಅಂದುಕೊಳ್ಳಬೇಡಿ. ಆ ಪ್ರಮಾಣದಲ್ಲಿ ನುಂಗಿದಾಗ ಅದರ ಒಂದು ಸಣ್ಣ ಭಾಗ ಮೈಯೊಳಗೆ ಈಸ್ಟ್ರೋಜನ್ನೇ ಆಗುತ್ತದೆ. ಹಾಗಾಗಿ ಹೆಪ್ಪಿನ ಎಚ್ಚರಿಕೆ ಇದಕ್ಕೂ ಇದೆ. ವರ್ಷಕ್ಕೊಮ್ಮೆ, ಡಾಕ್ಟರನ್ನು ಕೇಳಿ ತೆಗೆದುಕೊಂಡರೆ ಸರಿ. ಪ್ರತಿ ಹಬ್ಬಕ್ಕೂ ಅಂದರೆ ನಾನು ಒಪ್ಪುವುದಿಲ್ಲ. ದೇವರು ತಿಂಗಳ ಲೆಕ್ಕ ಕೇಳುತ್ತಾನೋ ಇಲ್ಲವೋ, ಅದು ನಿಮ್ಮ ಮನೆಯ ವಿಚಾರ.

ಮಾತ್ರೆ ನುಂಗುವವರು ನೆನಪಿಟ್ಟುಕೊಳ್ಳಿ. ಒಂದು ಕಾಲು ಮಾತ್ರ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆ ನೋವು, ಹಿಂದೆಂದೂ ಬಾರದಂಥ ತಲೆನೋವು, ಕಣ್ಣು ಮಂಜಾಗುವುದು. ಇದರಲ್ಲಿ ಯಾವುದು ಬಂದರೂ ಬೆಳಗಾಗಲಿ ಅಂತ ಕಾಯಬೇಡಿ. ಆಸ್ಪತ್ರೆಯಲ್ಲಿ ಮೊದಲ ಮಾತೇ "ನಾನು ಮಾತ್ರೆ ತಗೋತಿದ್ದೇನೆ" ಅಂತಿರಲಿ. ಹೆಂಗಸರು ಇದೊಂದನ್ನೇ ಮುಚ್ಚಿಡುವುದು. ಆ 24ರ ಹುಡುಗಿಯೂ ಜೀಪು ಹತ್ತುವಾಗ ನನ್ನ ಕಿವಿಯಲ್ಲಿ ಹೇಳಿದ್ದು, "ಡಾಕ್ಟರ್ ಹತ್ರ ಮಾತ್ರೆ ವಿಷಯ ಹೇಳ್ಬೇಡಿ ಸಿಸ್ಟರ್, ಅತ್ತೆಗೆ ಗೊತ್ತಿಲ್ಲ." ಅತ್ತೆ ಅಲ್ಲೇ ಹಿಂದಿನ ಸೀಟಿನಲ್ಲಿ ಕೂತಿದ್ದರು. ನಾನು ಒಂದು ಚೀಟಿಯಲ್ಲಿ ಬರೆದು ಅವಳ ಕೈಗೆ ಕೊಟ್ಟೆ.

ನಮಸ್ಕಾರ.