ಕಾಣೆಯಾದ ಅರ್ಧ ವೋಲ್ಟ್ ಎಲ್ಲಿಗೆ ಹೋಯಿತು?

ನಮಸ್ಕಾರ. ವೀಕ್ಷಕರೊಬ್ಬರ ಲೆಕ್ಕ ಹೀಗಿದೆ: ತಲಾ 1 ಮೆಗಾಓಮ್‌ನ ಎರಡು ರೋಧಕಗಳನ್ನು (ಪ್ರವಾಹಕ್ಕೆ ತಡೆಯೊಡ್ಡುವ ಬಿಡಿಭಾಗಗಳು) ಸರಣಿಯಲ್ಲಿ, ಅಂದರೆ ಒಂದರ ಹಿಂದೊಂದರಂತೆ, ಜೋಡಿಸಿ 10 ವೋಲ್ಟ್ ಕೊಟ್ಟರೆ ಒಂದೊಂದರ ಮೇಲೂ 5 ವೋಲ್ಟ್ ಇರಬೇಕು. ಆದರೆ ಮಲ್ಟಿಮೀಟರ್ ಇಟ್ಟು ಅಳೆದಾಗ ಮೊದಲನೆಯದರ ಮೇಲೆ 4.76, ಎರಡನೆಯದರ ಮೇಲೂ 4.76 ಬಂತು. ಕೂಡಿದರೆ 9.52. ಉಳಿದ 0.48 ವೋಲ್ಟ್ ಎಲ್ಲಿ?

ಮೊದಲು ಮೂಲಪಾಠವನ್ನು ಬೇಗ ಮುಗಿಸೋಣ. ಸರಣಿಯಲ್ಲಿ ಪ್ರವಾಹ ಒಂದೇ, ವೋಲ್ಟೇಜ್ ಹಂಚಿಹೋಗುತ್ತದೆ. ಸಮಾಂತರದಲ್ಲಿ, ಅಂದರೆ ಎರಡೂ ತುದಿಗಳನ್ನು ಅಕ್ಕಪಕ್ಕ ಸೇರಿಸಿದಾಗ, ವೋಲ್ಟೇಜ್ ಒಂದೇ, ಪ್ರವಾಹ ಹಂಚಿಹೋಗುತ್ತದೆ. ಎರಡೂ ಬೆರೆತಿದ್ದರೆ ಸಮಾಂತರದ ಗುಂಪನ್ನು ಒಂದೇ ರೋಧಕವಾಗಿ ಕುಗ್ಗಿಸಿ, ಒಟ್ಟು ಪ್ರವಾಹ ಕಂಡುಹಿಡಿದು, ಬಂದ ದಾರಿಯಲ್ಲೇ ಹಿಂದಿರುಗಬೇಕು. 12 ವೋಲ್ಟ್‌ನ ಬ್ಯಾಟರಿಗೆ 4 ಓಮ್‌ನ ರೋಧಕ, ಅದರ ಮುಂದೆ ಸಮಾಂತರವಾಗಿ 6 ಮತ್ತು 12 ಓಮ್ ಇವೆಯೆನ್ನಿ. ಆ ಜೋಡಿಯ ಗುಣಲಬ್ಧ 72ನ್ನು ಮೊತ್ತ 18ರಿಂದ ಭಾಗಿಸಿದರೆ 4 ಓಮ್; ಒಟ್ಟು 8 ಓಮ್; ಪ್ರವಾಹ 1.5 ಆಂಪಿಯರ್. ಜೋಡಿಯ ಮೇಲೆ 6 ವೋಲ್ಟ್ ಇರುವುದರಿಂದ 6 ಓಮ್‌ನಲ್ಲಿ 1 ಆಂಪಿಯರ್, 12 ಓಮ್‌ನಲ್ಲಿ ಅರ್ಧ ಆಂಪಿಯರ್ ಹರಿಯುತ್ತದೆ.

ಈಗ ನಮ್ಮ ಕಳ್ಳನತ್ತ ಬರೋಣ. ಮಲ್ಟಿಮೀಟರ್ ದೂರದಲ್ಲಿ ನಿಂತು ನೋಡುವ ಪ್ರೇಕ್ಷಕನಲ್ಲ. ಅದೂ ಒಂದು ರೋಧಕವೇ. ಸಾಮಾನ್ಯ ಡಿಜಿಟಲ್ ಮೀಟರ್‌ಗಳಲ್ಲಿ ಬಹುಪಾಲು ವೋಲ್ಟೇಜ್ ಅಳೆಯುವಾಗ ಸುಮಾರು 10 ಮೆಗಾಓಮ್‌ನ ರೋಧಕದಂತೆ ವರ್ತಿಸುತ್ತವೆ. ಅದರ ಎರಡು ಕಡ್ಡಿಗಳನ್ನು ತಾಗಿಸಿದ ಕ್ಷಣವೇ ನಮ್ಮ ಸರಳ ಸರಣಿ ವಿದ್ಯುತ್ ಮಂಡಲವು ಮಿಶ್ರ ಮಂಡಲವಾಗಿಬಿಡುತ್ತದೆ. 1 ಮತ್ತು 10 ಮೆಗಾಓಮ್ ಸಮಾಂತರವಾಗಿ ಸೇರಿ 0.909 ಮೆಗಾಓಮ್ ಆಗುತ್ತವೆ. ಇನ್ನೊಂದು ರೋಧಕ ಸೇರಿದರೆ 1.909, ಪ್ರವಾಹ 5 ಮೈಕ್ರೋಆಂಪಿಯರ್‌ನಿಂದ 5.24ಕ್ಕೆ ಏರುತ್ತದೆ. ಅದರಲ್ಲಿ 4.76 ರೋಧಕದ ಮೂಲಕವೂ 0.48 ಮೀಟರ್‌ನ ಮೂಲಕವೂ ಹೋಗುತ್ತದೆ. ಆದ್ದರಿಂದ ಮೀಟರ್ ತೋರಿಸಿದ 4.76 ವೋಲ್ಟ್ ಅಪ್ಪಟ ಸತ್ಯ, ಆದರೆ ಅದೇ ಹೊತ್ತಿನಲ್ಲಿ ನಾವು ನೋಡದ ಇನ್ನೊಂದು ರೋಧಕದ ಮೇಲೆ 5.24 ವೋಲ್ಟ್ ಇತ್ತು! ಮೀಟರನ್ನು ಅತ್ತ ಒಯ್ದರೆ 5.24 ಇತ್ತ ಜಿಗಿಯುತ್ತದೆ. ವೀಕ್ಷಕರು ಎರಡು ಬೇರೆ ಬೇರೆ ಮಂಡಲಗಳನ್ನು ಅಳೆದು, ಒಂದೇ ಮಂಡಲವೆಂದು ಕೂಡಿದ್ದರು. 1845ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದ ಜರ್ಮನ್ ಭೌತವಿಜ್ಞಾನಿ ಕಿರ್ಚಾಫ್ ಮಂಡಿಸಿದ, ಸರಣಿಯ ರೋಧಕಗಳ ಮೇಲಿನ ವೋಲ್ಟೇಜ್‌ಗಳು ಕೂಡಿ ಬ್ಯಾಟರಿಯ ವೋಲ್ಟೇಜ್‌ಗೆ ಸಮವಾಗಬೇಕೆಂಬ ನಿಯಮಕ್ಕೆ ಕೂದಲಿನಷ್ಟೂ ಧಕ್ಕೆಯಾಗಿಲ್ಲ.

ಸಮಯ ಮುಗಿಯುತ್ತ ಬಂದಿರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ರೋಧಕಗಳು 1 ಕಿಲೋಓಮ್‌ನವಾಗಿದ್ದರೆ ಮೀಟರ್ 4.9998 ವೋಲ್ಟ್ ಕಾಣುತ್ತದೆ, ಅಂದರೆ ಪರದೆಯ ಮೇಲೆ 5.00, ಅಲ್ಲಿ ಈ ತಲೆನೋವೇ ಇಲ್ಲ. ಗುಣಲಬ್ಧವನ್ನು ಮೊತ್ತದಿಂದ ಭಾಗಿಸುವ ಸೂತ್ರ ಎರಡೇ ರೋಧಕಗಳಿಗೆ. ಸಮಾಂತರದಲ್ಲಿ ಮೂರಿದ್ದರೆ ವಿಲೋಮಗಳನ್ನು (1 ಭಾಗಿಸು ರೋಧ) ಕೂಡಿ, ಬಂದ ಮೊತ್ತದ ವಿಲೋಮ ತೆಗೆಯಬೇಕು, ಪರೀಕ್ಷೆಯಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ ಎಂದು ನನ್ನ ಗುಮಾನಿ.

ಕೊನೆಯದಾಗಿ ಒಂದು ತಮಾಷೆ: ಒಂದೇ ಬಗೆಯ ಎರಡು ಮೀಟರ್‌ಗಳನ್ನು ಎರಡೂ ರೋಧಕಗಳಿಗೆ ಏಕಕಾಲದಲ್ಲಿ ಜೋಡಿಸಿದರೆ ಎರಡೂ ಸರಿಯಾಗಿ 5 ವೋಲ್ಟ್ ತೋರಿಸುತ್ತವೆ. ಆದರೆ ಆಗ ಬ್ಯಾಟರಿಯಿಂದ ಹೊರಡುವ ಪ್ರವಾಹ 5 ಅಲ್ಲ, 5.5 ಮೈಕ್ರೋಆಂಪಿಯರ್.