ನಾಲ್ಕನೆಯವನು ಯಾರು?

ಕೇಳುಗ ಮಿತ್ರರಿಗೆ ನಮಸ್ಕಾರ.

2018ರ ಸೆಪ್ಟೆಂಬರ್ 30, ಭಾನುವಾರ. ಬೆಳಿಗ್ಗೆ ಸೈಕಲ್ ಮೇಲೆ ನಂದಿ ಬೆಟ್ಟ ಹತ್ತಿಳಿದು ಬಂದಿದ್ದ ನಾವು ಏಳೆಂಟು ಮಂದಿ, ರಾತ್ರಿ ಮಲ್ಲೇಶ್ವರದಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿಕೊಂಡು ಕುಳಿತಿದ್ದೆವು. ಆಸ್ಟ್ರಿಯಾದ ಇನ್ಸ್‌ಬ್ರುಕ್ ನಗರದಲ್ಲಿ ಸೈಕ್ಲಿಂಗ್‌ನ ವಿಶ್ವ ರಸ್ತೆ ಚಾಂಪಿಯನ್‌ಷಿಪ್. 258.5 ಕಿಲೋಮೀಟರ್ ದೂರ. ಕೊನೆಯ ಏರಿಗೆ ಅಲ್ಲಿನವರು ಇಟ್ಟ ಹೆಸರೇ ನರಕ. ಅದರ ಕಡಿದಾದ ಜಾಗದಲ್ಲಿ ನೂರು ಮೀಟರ್ ಮುಂದೆ ಹೋದರೆ ಇಪ್ಪತ್ತೆಂಟು ಮೀಟರ್ ಮೇಲೇರಿರುತ್ತೀರಿ. ನಂದಿಯ ತಿರುವುಗಳಲ್ಲಿ ಏದುಸಿರು ಬಿಟ್ಟವರಿಗೆ ಅದನ್ನು ನೋಡುವಾಗಲೇ ತೊಡೆ ಬಿಗಿಯುತ್ತಿತ್ತು.

ಕೊನೆಗೆ ನಾಲ್ವರು ಉಳಿದರು. ಸ್ಪೇನ್‌ನ ಅಲೆಹಾಂದ್ರೊ ವಾಲ್ವೆರ್ದೆ ದೂರದಿಂದಲೇ ವೇಗ ಹೆಚ್ಚಿಸಿಕೊಂಡು ಗೆರೆ ದಾಟಿದರು. ಆಗ ಅವರಿಗೆ 38 ವರ್ಷ. ಇದೇ ಸ್ಪರ್ಧೆಯಲ್ಲಿ ಅಲ್ಲಿಯವರೆಗೆ ಎರಡು ಬೆಳ್ಳಿ, ನಾಲ್ಕು ಕಂಚು ಗೆದ್ದಿದ್ದವರಿಗೆ ಚಿನ್ನ ದಕ್ಕಿದ್ದು ಅದೇ ಮೊದಲು. ಹಿಂದಿನ ವರ್ಷ, ಮೂರು ವಾರ ಹಂತ ಹಂತವಾಗಿ ನಡೆಯುವ ದೊಡ್ಡ ಸೈಕಲ್ ರೇಸ್ ಟೂರ್ ದ ಫ್ರಾನ್ಸ್‌ನ ಮೊದಲ ದಿನವೇ ಮಳೆಯಲ್ಲಿ ಜಾರಿ ಬಿದ್ದು ಮಂಡಿಚಿಪ್ಪು ಮುರಿದುಕೊಂಡಿದ್ದ ಮನುಷ್ಯ ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

ನನ್ನ ತಂಗಿಯ ಮಗಳು ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಮನೆಯ ಯಜಮಾನರು, ವೃತ್ತಿಯಲ್ಲಿ ಲೆಕ್ಕಪರಿಶೋಧಕರು, ಮಾತಿಲ್ಲದೆ ಎದ್ದು ಅಡುಗೆಮನೆಗೆ ಹೋದರು. ಬಾಗಿಲ ಬಳಿ ಕುಳಿತಿದ್ದ ನಮ್ಮ ಸೈಕಲ್ ಮೆಕ್ಯಾನಿಕ್, ವಿಜಯಪುರ ಜಿಲ್ಲೆಯವರು, ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು: "ನಾಲ್ಕನೇದಾಂವ ಯಾರ್ರೀ ಸರ?"

ಡಚ್ಚರ ಟಾಮ್ ಡ್ಯುಮೊಲಿನ್ ಎಂದೆ. ಅವರು ತಲೆಯಾಡಿಸಿ ಸುಮ್ಮನಾದರು. ಆ ಪ್ರಶ್ನೆಯ ಹಿಂದೆ ಏನಿದೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಒಬ್ಬರು ಚಪ್ಪಾಳೆ ತಟ್ಟಿ ಇನ್ನೊಬ್ಬರು ಎದ್ದುಹೋದದ್ದು ಏಕೆ ಎಂಬುದನ್ನು ತಿಳಿಯಲು ಹನ್ನೆರಡು ವರ್ಷ ಹಿಂದಕ್ಕೆ ಹೋಗಬೇಕು. 2006ರ ಮೇ ತಿಂಗಳಲ್ಲಿ ಸ್ಪೇನ್‌ನ ಪೊಲೀಸರು ಯುಫೆಮಿಯಾನೊ ಫ್ಯುಯೆಂಟೆಸ್ ಎಂಬ ವೈದ್ಯನಿಗೆ ಸಂಬಂಧಿಸಿದ ಮ್ಯಾಡ್ರಿಡ್‌ನ ಮನೆಗಳ ಮೇಲೆ ದಾಳಿ ಮಾಡಿದರು. ಫ್ರಿಜ್ ತೆರೆದರೆ ಅಲ್ಲಿದ್ದದ್ದು ರಕ್ತದ ಚೀಲಗಳು, ಇನ್ನೂರಕ್ಕೂ ಹೆಚ್ಚು. ಕ್ರೀಡಾಪಟುವಿನ ರಕ್ತವನ್ನೇ ಮೊದಲು ತೆಗೆದು ಕಾಪಿಟ್ಟು, ದೊಡ್ಡ ಸ್ಪರ್ಧೆಯ ಹೊತ್ತಿಗೆ ಮತ್ತೆ ಅವನಿಗೇ ಏರಿಸುವ ದಂಧೆ ಅದು. ಕೆಂಪು ರಕ್ತಕಣ ಹೆಚ್ಚಿದಷ್ಟೂ ಸ್ನಾಯುಗಳಿಗೆ ಆಮ್ಲಜನಕ ಹೆಚ್ಚು ಸಿಗುತ್ತದೆ. ಬೆಟ್ಟದ ಅರ್ಧಕ್ಕೆ ಉಸಿರು ಕಟ್ಟಬೇಕಾದವನು ತುದಿಯವರೆಗೂ ಅದೇ ವೇಗದಲ್ಲಿ ತುಳಿಯುತ್ತಾನೆ. ಇ.ಪಿ.ಒ. ಎಂಬ ಚುಚ್ಚುಮದ್ದು ಮಾಡುವುದೂ ಇದನ್ನೇ. ನಮ್ಮ ಮೂತ್ರಪಿಂಡ ತಾನಾಗಿ ತಯಾರಿಸುವ ಹಾರ್ಮೋನನ್ನು ಹೊರಗಿನಿಂದ ಕೊಟ್ಟು, ಅಸ್ಥಿಮಜ್ಜೆಯಿಂದ ಹೆಚ್ಚುವರಿ ರಕ್ತಕಣ ಮಾಡಿಸುವುದು. ಆ ಮದ್ದನ್ನು ಪತ್ತೆ ಮಾಡುವ ಪರೀಕ್ಷೆ ಬಂದದ್ದು 2000ದ ಸಿಡ್ನಿ ಒಲಿಂಪಿಕ್ಸ್ ಹೊತ್ತಿಗೆ. ತನ್ನದೇ ರಕ್ತವನ್ನು ತಾನೇ ಏರಿಸಿಕೊಂಡವನನ್ನು ಹಿಡಿಯುವುದಂತೂ ಇನ್ನೂ ಕಷ್ಟ. ಕ್ರೀಡಾಪಟುವಿನ ರಕ್ತದ ಏರಿಳಿತವನ್ನು ವರ್ಷಗಟ್ಟಲೆ ದಾಖಲಿಸುವ ಜೈವಿಕ ಪಾಸ್‌ಪೋರ್ಟ್ ಸೈಕ್ಲಿಂಗ್‌ನಲ್ಲಿ ಶುರುವಾದದ್ದೇ 2008ರಲ್ಲಿ.

ಫ್ರಿಜ್‌ನಲ್ಲಿದ್ದ ಚೀಲಗಳ ಮೇಲೆ ಪೂರ್ತಿ ಹೆಸರುಗಳಿರಲಿಲ್ಲ, ಗುರುತಿನ ಪದಗಳಿದ್ದವು. 18ನೆಯ ಸಂಖ್ಯೆಯ ಚೀಲದ ಮೇಲೆ ಬರೆದಿದ್ದ ಗುರುತಿನಲ್ಲಿ 'ಪಿತಿ' ಎಂಬ ಪದವಿತ್ತು. ಅದು ವಾಲ್ವೆರ್ದೆ ಸಾಕಿದ ನಾಯಿಯ ಹೆಸರೆಂದು ಪತ್ರಿಕೆಗಳು ಬರೆದವು. ಆದರೆ ನಾಯಿಯ ಹೆಸರೇ ಸಾಕ್ಷ್ಯವಾಗುವುದಿಲ್ಲವಲ್ಲ. 2008ರ ಟೂರ್ ದ ಫ್ರಾನ್ಸ್ ಇಟಲಿಯ ನೆಲಕ್ಕೆ ಬಂದಾಗ, ಅಲ್ಲಿನ ಅಧಿಕಾರಿಗಳು ವಾಲ್ವೆರ್ದೆಯ ರಕ್ತದ ಮಾದರಿ ಪಡೆದರು. ಅದರ ಡಿಎನ್‌ಎ 18ನೆಯ ಚೀಲದ ರಕ್ತದೊಂದಿಗೆ ತಾಳೆಯಾಯಿತು. 2009ರಲ್ಲಿ ಇಟಲಿಯೊಳಗೆ ನಿಷೇಧ ಬಿತ್ತು. 2010ರ ಮೇ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಲೂಸಾನ್‌ನಲ್ಲಿರುವ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಇಡೀ ಜಗತ್ತಿಗೆ ಅನ್ವಯಿಸಿತು. ಆ ವರ್ಷದ ಜನವರಿಯಿಂದ ಲೆಕ್ಕಹಾಕಿ ಎರಡು ವರ್ಷದ ಶಿಕ್ಷೆ. ಅದಕ್ಕೂ ಮುಂಚಿನ ಗೆಲುವುಗಳು, 2009ರ ಸ್ಪೇನ್ ಸುತ್ತುವ ರೇಸಿನ ಕಿರೀಟವೂ ಸೇರಿ, ಅವರ ಹೆಸರಿನಲ್ಲೇ ಉಳಿದವು. 2012ರ ಜನವರಿಯಲ್ಲಿ ಮರಳಿ ಬಂದವರು ಆಸ್ಟ್ರೇಲಿಯಾದ ಮೊದಲ ರೇಸ್‌ನಲ್ಲೇ ವಿಲ್ಲುಂಗಾ ಗುಡ್ಡದ ಮೇಲಿನ ಹಂತ ಗೆದ್ದರು. ತಪ್ಪು ಮಾಡಿದೆ ಎಂದು ಮಾತ್ರ ಒಪ್ಪಿಕೊಳ್ಳಲೇ ಇಲ್ಲ.

ಇನ್ಸ್‌ಬ್ರುಕ್ ರೇಸಿನ ಮುಂದಿನ ಭಾನುವಾರ, ನಂದಿಯಿಂದ ಇಳಿದು ಬಳ್ಳಾರಿ ರಸ್ತೆಯ ಹೋಟೆಲೊಂದರಲ್ಲಿ ತಟ್ಟೆ ಇಡ್ಲಿಗೆ ಕುಳಿತಾಗ ಮಾತು ಅಲ್ಲಿಗೇ ಬಂತು.

"ಉಪ್ಪು ತಿಂದವನು ನೀರು ಕುಡಿಯಲೇಬೇಕು, ಸರಿ. ಎರಡು ವರ್ಷ ಕುಡಿದನಲ್ಲ ಮಾಮ. ಇನ್ನೂ ಎಷ್ಟು ದಿನ ಅಂತ ಲೋಟ ಕೈಗೆ ಕೊಟ್ಟು ನಿಲ್ಲಿಸ್ತೀರಾ?" ಎಂದಳು ತಂಗಿಯ ಮಗಳು.

ಲೆಕ್ಕಪರಿಶೋಧಕರು ತಟ್ಟೆ ಪಕ್ಕಕ್ಕೆ ಸರಿಸಿದರು. "ನೋಡಮ್ಮ, ನಮ್ಮ ಕೆಲಸದಲ್ಲಿ ಒಬ್ಬ ಸುಳ್ಳು ಲೆಕ್ಕ ಬರೆದು ಸಿಕ್ಕಿಬಿದ್ದ ಅಂದ್ರೆ ಅವನ ಹಳೇ ಪುಸ್ತಕ ಎಲ್ಲಾ ತೆಗೆದು ನೋಡ್ತೀವಿ. ಇಲ್ಲಿ ಪುಸ್ತಕನೇ ತೆರೀಲಿಲ್ಲ. ದಂಡ ಕಟ್ಟಿ ಬಂದು ಅದೇ ಕುರ್ಚಿಯಲ್ಲಿ ಕೂತ."

ಅವಳು ಬಿಡಲಿಲ್ಲ. ರಕ್ತಕಣದ ಆಯಸ್ಸು ಸುಮಾರು 120 ದಿನ, ಎರಡು ವರ್ಷದ ಹೊತ್ತಿಗೆ ಹಳೆಯ ರಕ್ತದ ಒಂದು ಹನಿಯ ಲಾಭವೂ ಮೈಯಲ್ಲಿ ಇರುವುದಿಲ್ಲ ಎಂದಳು. ರಕ್ತದ ಮಟ್ಟಿಗೆ ಅವಳ ಮಾತು ಸರಿ. ಸ್ನಾಯು ಬೆಳೆಸುವ ಸ್ಟಿರಾಯ್ಡ್‌ಗಳ ಕತೆ ಬೇರೆ. ಓಸ್ಲೋ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಇಲಿಗಳಿಗೆ ಎರಡು ವಾರ ಟೆಸ್ಟೊಸ್ಟೆರಾನ್ ಎಂಬ ಸ್ಟಿರಾಯ್ಡ್ ಕೊಟ್ಟು ನಿಲ್ಲಿಸಿದರು. ಮೂರು ತಿಂಗಳ ನಂತರ ಸ್ನಾಯುವಿಗೆ ಭಾರ ಹೊರಿಸಿದರೆ, ಮದ್ದು ಕಂಡಿದ್ದ ಸ್ನಾಯು ಆರೇ ದಿನದಲ್ಲಿ ಶೇಕಡಾ 30ರಷ್ಟು ದಪ್ಪಗಾಯಿತು. ಮದ್ದು ಕಾಣದ ಇಲಿಗಳಲ್ಲಿ ಹೇಳಿಕೊಳ್ಳುವಂಥ ಬೆಳವಣಿಗೆ ಇರಲಿಲ್ಲ. ಮನುಷ್ಯರಲ್ಲೂ ಹೀಗೇ ಎಂದು ನಾನು ಹೇಳುತ್ತಿಲ್ಲ. ಶಿಕ್ಷೆ ಮುಗಿದ ದಿನ ಮೈಯೂ ಮೊದಲಿನಂತಾಗುತ್ತದೆ ಎಂದು ಎಲ್ಲ ಮದ್ದುಗಳಿಗೂ ಒಂದೇ ಮಾತು ಹೇಳಲಾಗದು, ಅಷ್ಟೇ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ 2015ರಿಂದ ಉದ್ದೇಶಪೂರ್ವಕ ತಪ್ಪಿಗೆ ಎರಡರ ಬದಲು ನಾಲ್ಕು ವರ್ಷ ಎಂದು ನಿಯಮ ಬಿಗಿ ಮಾಡಿದ್ದು ಸರಿಯೆಂದೇ ನನ್ನ ಭಾವನೆ.

ನಾನು ಆ ದಿನ ಡೇವಿಡ್ ಮಿಲ್ಲರ್ ಹೆಸರು ತೆಗೆದೆ. ಸ್ಕಾಟ್ಲೆಂಡ್ ಮೂಲದ ಸವಾರ. 2004ರ ಜೂನ್‌ನಲ್ಲಿ ಫ್ರಾನ್ಸ್‌ನ ಬಿಯಾರಿಟ್ಜ್ ಬಳಿ ಪೊಲೀಸರು ಅವರನ್ನು ಹಿಡಿದಾಗ ಮನೆಯಲ್ಲಿ ಬಳಸಿದ ಇ.ಪಿ.ಒ. ಸಿರಿಂಜುಗಳು ಸಿಕ್ಕಿದ್ದವು. ಅವರು ಒಪ್ಪಿಕೊಂಡರು. ಎರಡು ವರ್ಷ ನಿಷೇಧ. 2003ರಲ್ಲಿ ಗೆದ್ದಿದ್ದ ಗಡಿಯಾರದ ಎದುರು ಒಬ್ಬೊಬ್ಬರೇ ತುಳಿಯುವ ವಿಶ್ವ ಟೈಮ್ ಟ್ರಯಲ್ ಪಟ್ಟ ಕೈಬಿಟ್ಟಿತು, ಎರಡನೆಯವರಾಗಿದ್ದ ಆಸ್ಟ್ರೇಲಿಯಾದ ಮೈಕೆಲ್ ರಾಜರ್ಸ್‌ಗೆ ಹೋಯಿತು. 2006ರಲ್ಲಿ ಮರಳಿದ ಮೇಲೆ ಮಿಲ್ಲರ್ ಎಲ್ಲಿ ಹೋದರೂ ಹೇಳಿದ್ದು ಅದನ್ನೇ: ಹೇಗೆ ಶುರುವಾಯಿತು, ಸೂಜಿ ಹೇಗೆ ಸಿಕ್ಕಿತು, ಮನಸ್ಸು ಹೇಗೆ ಜಾರಿತು. ಮದ್ದು ತಡೆ ಸಂಸ್ಥೆಯ ಕ್ರೀಡಾಪಟುಗಳ ಸಮಿತಿಯಲ್ಲೂ ಕುಳಿತರು. 2012ರ ಜುಲೈ 13ರಂದು ಟೂರ್ ದ ಫ್ರಾನ್ಸ್‌ನ ಒಂದು ಹಂತ ಗೆದ್ದರು. ಅದೇ ಬ್ರಿಟನ್ನಿನ ಸವಾರ ಟಾಮ್ ಸಿಂಪ್ಸನ್ ಮೈಯಲ್ಲಿ ಆಂಫೆಟಮಿನ್ ಎಂಬ ಉತ್ತೇಜಕ ಮದ್ದು ಇಟ್ಟುಕೊಂಡು ವೆಂಟೂ ಬೆಟ್ಟದ ಬಿಸಿಲಲ್ಲಿ ಕುಸಿದು ಸತ್ತದ್ದು 1967ರ ಜುಲೈ 13. ಮಿಲ್ಲರ್ ಗೆದ್ದಾಗ ನಾನು ಚಪ್ಪಾಳೆ ತಟ್ಟಿದ್ದೆ, ಮನಸ್ಸು ಅಳುಕಲಿಲ್ಲ. ಇನ್ಸ್‌ಬ್ರುಕ್‌ನ ರಾತ್ರಿ ನನ್ನ ಕೈ ಮೇಲೇಳಲಿಲ್ಲ.

ಮರಳಿದವರೆಲ್ಲ ಮಿಲ್ಲರ್ ಆಗುವುದಿಲ್ಲ ಎಂಬುದೂ ಗೊತ್ತಿದೆ. ಇಟಲಿಯ ರಿಕಾರ್ಡೊ ರಿಕ್ಕೊ 2008ರಲ್ಲಿ ಸಿಕ್ಕಿಬಿದ್ದು, 2010ರಲ್ಲಿ ಮರಳಿ, 2011ರಲ್ಲಿ ಮತ್ತೆ ರಕ್ತದ ಪ್ರಕರಣದಲ್ಲೇ ಆಸ್ಪತ್ರೆ ಸೇರಿ 12 ವರ್ಷದ ನಿಷೇಧಕ್ಕೆ ಒಳಗಾದರು.

ಇದೆಲ್ಲ ಯುರೋಪಿನ ವಿಷಯ, ನಮಗೇಕೆ ಎನ್ನಬೇಡಿ. ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರಲ್ಲಿ ಕಾಮನ್‌ವೆಲ್ತ್ ಕ್ರೀಡೆಗಳ ರಿಲೇ ಚಿನ್ನ ಗೆದ್ದು, ಗ್ವಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಇನ್ನೂ ಎರಡು ಚಿನ್ನ ತಂದಾಗ ನಾವೆಲ್ಲ ಮನೆಮಗಳೇ ಗೆದ್ದಂತೆ ಹಿಗ್ಗಿದ್ದೆವು. ಮರುವರ್ಷ ಪರೀಕ್ಷೆಯಲ್ಲಿ ಸ್ಟಿರಾಯ್ಡ್ ಅಂಶ ಕಂಡಿತು. ತರಬೇತುದಾರ ತಂದುಕೊಟ್ಟ ಜಿನ್‌ಸೆಂಗ್ ಗುಳಿಗೆಯಿಂದ ಹೀಗಾಯಿತು ಎಂದರು. ಮೊದಲು ಒಂದು ವರ್ಷ ಎಂದಿದ್ದ ನಿಷೇಧ ಲೂಸಾನ್‌ನಲ್ಲಿ ಎರಡು ವರ್ಷವಾಯಿತು. ಆ ಹುಡುಗಿ ಮತ್ತೆ ಓಡಬಾರದಿತ್ತು ಎಂದು ಹೇಳಲು ನನ್ನ ನಾಲಿಗೆ ಏಳದು. ಹೋಟೆಲಿನಲ್ಲಿ ಈ ಹೆಸರು ಬಂದಾಗ ಲೆಕ್ಕಪರಿಶೋಧಕರೂ ದನಿ ತಗ್ಗಿಸಿದರು. ನಮ್ಮವರಿಗೆ ತೋರುವ ಕರುಣೆಯನ್ನು ಸ್ಪೇನಿನವನಿಗೆ ತೋರಲಾರೆವಾ ಎಂದು ತಂಗಿಯ ಮಗಳು ಕೇಳಿದಳು. ನ್ಯಾಯವಾದ ಪ್ರಶ್ನೆ. ಮರಳುವ ಹಕ್ಕು ಇಬ್ಬರಿಗೂ ಒಂದೇ ಎಂದೆ. ಆದರೆ ಒಬ್ಬರು ಗುಳಿಗೆ ಎಲ್ಲಿಂದ ಬಂತು, ಯಾರು ಕೊಟ್ಟರು ಎಂದು ಬಾಯಿಬಿಟ್ಟು ಹೇಳಿದ್ದಾರೆ. ಇನ್ನೊಬ್ಬರ ರಕ್ತ ಆ ಫ್ರಿಜ್ಜಿಗೆ ಹೇಗೆ ಹೋಯಿತು ಎಂಬುದನ್ನು ಅವರ ಬಾಯಿಂದ ಯಾರೂ ಕೇಳಿಲ್ಲ.

ಅಲ್ಲಿಯವರೆಗೆ ಮಾತಾಡದೆ ಕಾಫಿ ಕುಡಿಯುತ್ತಿದ್ದ ಮೆಕ್ಯಾನಿಕ್ ಆಗ ಬಾಯಿಬಿಟ್ಟರು.

"ಅಂವ ಬರಲಿ ಬಿಡ್ರೀ. ರಸ್ತೆ ಯಾರಪ್ಪಂದೂ ಅಲ್ಲ. ಆದ್ರ ಬಂದಾಂವ ಹೇಳಬೇಕ್ರಿ. ಏನ್ ತಗೊಂಡೆ, ಯಾರ್ ಕೊಟ್ರು, ಯಾವಾಗಿಂದ. ಯಾಕಂದ್ರ ನಾ ನಾಲ್ಕನೇದಾಂವ ಆಗೀನ್ರಿ."

ವಿಜಯಪುರ, ಬಾಗಲಕೋಟೆ ಕಡೆ ಜಾತ್ರೆಗೂ ಸೈಕಲ್ ರೇಸ್ ಇಡುತ್ತಾರೆ. ಕಪ್ಪು ಮಣ್ಣಿನ ಬಯಲು, ಎದುರುಗಾಳಿ, ಸುಡುವ ಬಿಸಿಲು, ಇವುಗಳಲ್ಲೇ ಕರ್ನಾಟಕದ ಸೈಕಲ್ ಸವಾರರು ಬೆಳೆದದ್ದು. ಇವರೂ ಅಲ್ಲಿಯ ಕ್ರೀಡಾ ಹಾಸ್ಟೆಲಿನಲ್ಲಿ ಬೆಳೆದವರು. ಇಪ್ಪತ್ತೊಂದರ ವಯಸ್ಸಿನಲ್ಲಿ ಒಂದು ದೊಡ್ಡ ರೇಸ್. ಮೊದಲ ಮೂವರಲ್ಲಿ ಬಂದರೆ ಕ್ರೀಡಾ ಕೋಟಾದಲ್ಲಿ ನೌಕರಿಗೆ ದಾರಿ. ಇವರು ನಾಲ್ಕನೆಯವರಾದರು. ಮುಂದಿದ್ದ ಒಬ್ಬನ ಚೀಲದಲ್ಲಿ ಸೂಜಿ ಕಂಡದ್ದಾಗಿ ಜೊತೆಯ ಹುಡುಗರು ರಾತ್ರಿ ಪಿಸುಗುಟ್ಟಿದರು. ಪರೀಕ್ಷೆ ಮಾಡುವವರು ಯಾರೂ ಅಲ್ಲಿರಲಿಲ್ಲ. ಸೂಜಿ ನಿಜವೋ ಸುಳ್ಳೋ ಇವತ್ತಿಗೂ ಅವರಿಗೆ ಗೊತ್ತಿಲ್ಲ. ಮೂರು ವರ್ಷ ಇನ್ನೂ ತುಳಿದು, ತಂದೆಯ ಸಾಲಕ್ಕೆ ಹೆದರಿ ಬೆಂಗಳೂರಿನ ಬಸ್ ಹತ್ತಿದರು. ಈಗ ನಮ್ಮ ಸೈಕಲ್ಲುಗಳ ಬೆಂಡಾದ ವೀಲ್ ಸರಿಮಾಡುತ್ತಾರೆ, ಗೇರ್ ಕೂರಿಸುತ್ತಾರೆ.

"ಅಂವ ತಗೊಂಡಿದ್ನೋ ಇಲ್ಲೋ, ಅಷ್ಟ ಗೊತ್ತಾದ್ರ ಸಾಕ್ರಿ. ನಾನ ಕಡಿಮಿ ಇದ್ದೆ ಅಂದ್ರೂ ನಡೀತದ. ಗೊತ್ತಿಲ್ದ ಇರೋದು ಭಾಳ ಕಷ್ಟರಿ."

ಯಾರೂ ಮಾತಾಡಲಿಲ್ಲ. ತಂಗಿಯ ಮಗಳು ಅವರ ಲೋಟಕ್ಕೆ ತನ್ನ ಕಾಫಿಯಲ್ಲಿ ಅರ್ಧ ಸುರಿದಳು.

ಮರಳಿ ಬಂದವನು ಸತ್ಯ ಹೇಳಬೇಕು ಎಂದು ನಾನು ಹಟ ಹಿಡಿಯುವುದು ಅಂದಿನಿಂದ. ಪಶ್ಚಾತ್ತಾಪದ ಕಣ್ಣೀರು ನೋಡುವ ಆಸೆ ನನಗಿಲ್ಲ. ಸೋತವನಿಗೆ ಲೆಕ್ಕ ಸಿಗಬೇಕು. ಫ್ರಿಜ್ ಎಲ್ಲಿತ್ತು, ಕೀಲಿ ಯಾರ ಕೈಯಲ್ಲಿತ್ತು ಎಂಬುದು ಮುಂದೆ ಬರುವ ಹುಡುಗನಿಗೆ ಗೊತ್ತಾಗಬೇಕು. ಫ್ಯುಯೆಂಟೆಸ್ 2016ರಲ್ಲಿ ನ್ಯಾಯಾಲಯದಿಂದ ಖುಲಾಸೆಯಾಗಿ ಹೊರಬಂದರು. ರಕ್ತದ ಚೀಲಗಳನ್ನು ಕ್ರೀಡಾ ಸಂಸ್ಥೆಗಳಿಗೆ ಕೊಡಬಹುದು ಎಂದು ಅದೇ ನ್ಯಾಯಾಲಯ ಹೇಳುವ ಹೊತ್ತಿಗೆ ಹತ್ತು ವರ್ಷ ಕಳೆದು, ಶಿಕ್ಷೆ ಕೊಡುವ ಅವಧಿಯೇ ಮುಗಿದಿತ್ತು. ಆ ಚೀಲಗಳ ಹಿಂದಿದ್ದ ಎಷ್ಟೋ ಹೆಸರುಗಳು ಹೊರಬರಲೇ ಇಲ್ಲ. ಆ ವರ್ಷಗಳಲ್ಲಿ ನಾಲ್ಕನೆಯವರಾದವರು ಎಷ್ಟು ಮಂದಿಯೋ.

ವಾಲ್ವೆರ್ದೆ 2022ರ ಅಕ್ಟೋಬರ್‌ನಲ್ಲಿ ಇಟಲಿಯ ಲೊಂಬಾರ್ದಿಯಾ ರೇಸಿನೊಂದಿಗೆ ದೊಡ್ಡ ರಸ್ತೆ ಸ್ಪರ್ಧೆಗಳಿಗೆ ವಿದಾಯ ಹೇಳಿದರು. 42ರ ವಯಸ್ಸಿನಲ್ಲೂ ಆರನೆಯವರಾಗಿ ಗುರಿ ಮುಟ್ಟಿದರು. ನಮ್ಮ ಗುಂಪಿನಲ್ಲಿ ಆ ವಾದ ಇನ್ನೂ ನಡೆದಿದೆ. ಲೆಕ್ಕಪರಿಶೋಧಕರು ಬದಲಾಗಿಲ್ಲ, ತಂಗಿಯ ಮಗಳೂ ಬದಲಾಗಿಲ್ಲ.

ಮೆಕ್ಯಾನಿಕ್ ಈಗ ತಮ್ಮೂರಿನ ಹುಡುಗನೊಬ್ಬನಿಗೆ ಫೋನಿನಲ್ಲೇ ತರಬೇತಿ ಕೊಡುತ್ತಾರೆ. ಅಂಗಡಿಯ ಗೋಡೆಗೆ ನಿಷೇಧಿತ ಮದ್ದುಗಳ ಪಟ್ಟಿ ಅಂಟಿಸಿದ್ದಾರೆ. ಹುಡುಗ ಯಾವುದಾದರೂ ಪೌಡರ್ ಡಬ್ಬಿಯ ಫೋಟೊ ಕಳಿಸಿದರೆ, ಗ್ರೀಸ್ ಕೈಯನ್ನು ಒರೆಸಿಕೊಂಡು, ಓದಿಸಿ ಅರ್ಥ ಕೇಳಲು ನನಗೆ ಕಳಿಸುತ್ತಾರೆ. ಕಳೆದ ತಿಂಗಳು ಒಂದು ರಾತ್ರಿ ಹತ್ತೂವರೆಗೆ ಫೋನ್ ಬಂತು.

"ಸರ, ಇವತ್ತು ರೇಸಿನ್ಯಾಗ ನಮ್ಮ ಹುಡುಗ ನಾಲ್ಕನೇದಾಂವ ಬಂದಾನ್ರಿ."

ದನಿಯಲ್ಲಿ ಹೆಮ್ಮೆಯಿತ್ತು. ಒಳ್ಳೆಯದಾಯಿತು ಎಂದೆ. ಆಮೇಲೆ, ಮೊದಲ ಮೂವರನ್ನು ಪರೀಕ್ಷೆಗೆ ಕರೆದುಕೊಂಡು ಹೋದರೇ ಎಂದು ಕೇಳಿದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

"ಇಲ್ರೀ ಸರ," ಎಂದರು.

ನಮಸ್ಕಾರ.