ಸನ್ಮಾನಕ್ಕೆ ಮೊದಲು ಸ್ಟಾಪ್‌ವಾಚ್

ಕೇಳುಗರಿಗೆ ನಮಸ್ಕಾರ.

ಕಾಲೇಜೊಂದು ತನ್ನ ಹಳೆಯ ಕ್ರೀಡಾಪಟುಗಳನ್ನು ಕರೆದು ಸನ್ಮಾನಿಸಬೇಕೆಂದು ಹೊರಟರೆ, ಎಲ್ಲರ ತಲೆಗೆ ಮೊದಲು ಬರುವುದು ಸಭಾಂಗಣ, ಮುಖ್ಯ ಅತಿಥಿ, ಫಲಕ, ಆಹ್ವಾನ ಪತ್ರಿಕೆ. ಇವೆಲ್ಲ ಕೊನೆಯ ಎರಡು ತಿಂಗಳಲ್ಲಿ ಮುಗಿಯುವ ಕೆಲಸ. ಅದಕ್ಕೆ ಮುಂಚೆ ಆರೇಳು ತಿಂಗಳ ಕಾಗದಪತ್ರದ ಕೆಲಸವಿದೆ. ಯಾರು, ಯಾವ ಕೂಟದಲ್ಲಿ, ಎಷ್ಟು ಸೆಕೆಂಡಿನಲ್ಲಿ ಓಡಿದರು, ಎಷ್ಟು ದೂರ ಎಸೆದರು ಎಂಬುದನ್ನು ಗಟ್ಟಿ ಮಾಡಿಕೊಳ್ಳುವ ಕೆಲಸ ಅದು. ವೇದಿಕೆಯ ಮೇಲೆ ಆಗುವ ಎಡವಟ್ಟುಗಳ ಬೇರು ಬಹುಮಟ್ಟಿಗೆ ಆ ಕಡತದಲ್ಲೇ ಇರುತ್ತದೆ. ಹಾಗಾಗಿ ಇವತ್ತಿನ ಮಾತಿನ ಹೆಚ್ಚು ಪಾಲು ಕಡತಕ್ಕೆ.

ಮೊದಲು ನಿಯಮ, ಆಮೇಲೆ ಹೆಸರು. ಈ ಕ್ರಮ ತಲೆಕೆಳಗಾದರೆ, ಯಾರೋ ಒಬ್ಬರನ್ನು ಒಳಗೆ ತರಲೆಂದೇ ನಿಯಮ ಬರೆದ ಹಾಗಾಗುತ್ತದೆ. ಆಯ್ಕೆ ಸಮಿತಿಯಲ್ಲಿ ಏಳು ಜನ ಸಾಕು. ಸಂಖ್ಯೆ ಬೆಸವಾಗಿರಲಿ, ಮತ ಸಮವಾಗಿ ಒಡೆಯುವುದಿಲ್ಲ. ಏಳರಲ್ಲಿ ಇಬ್ಬರಾದರೂ ಕಾಲೇಜಿನ ಹೊರಗಿನವರಿರಲಿ. ಒಬ್ಬರು ಅಂಕಿಅಂಶ ಬಲ್ಲವರು, ಇನ್ನೊಬ್ಬರು ಕೂಟಗಳಲ್ಲಿ ತೀರ್ಪುಗಾರರಾಗಿ ಕೆಲಸ ಮಾಡಿದವರು. ತಮ್ಮ ಜೊತೆಗೆ ಆಡಿದವರ, ತಾವು ತರಬೇತಿ ಕೊಟ್ಟವರ ಹೆಸರು ಚರ್ಚೆಗೆ ಬಂದಾಗ ಸದಸ್ಯರು ಎದ್ದು ಹೊರಗೆ ಹೋಗಬೇಕು. ಕಾಲೇಜು ಬಿಟ್ಟು ಕನಿಷ್ಠ ಐದು ವರ್ಷ, ಸಾಧ್ಯವಾದರೆ ಹತ್ತು ವರ್ಷ ಆಗಿರಲಿ. ನಿನ್ನೆ ಗೆದ್ದವರ ಸುದ್ದಿಯ ಕಾವು ಆರಬೇಕು. ಒಂದು ವರ್ಷಕ್ಕೆ ಐದು ಹೆಸರು ಮೀರದಿರಲಿ. ಮೊದಲ ವರ್ಷವೇ ನಲವತ್ತು ಜನರನ್ನು ಒಟ್ಟಿಗೆ ಕರೆಯುವ ಕಾಲೇಜುಗಳಿಗೆ ಮೂರನೇ ವರ್ಷದ ಹೊತ್ತಿಗೆ ಯಾರನ್ನು ಕರೆಯುವುದೆಂದು ತೋಚುವುದಿಲ್ಲ.

ಇನ್ನು ದಾಖಲೆಗಳು. ಇಲ್ಲಿ ಸ್ವಲ್ಪ ನಿಂತು ನೋಡಬೇಕು.

ನೂರು ಮೀಟರ್ ಓಟದ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬರದು ಹಿಂದಿನ ಕಾಲದ 10.6 ಸೆಕೆಂಡ್, ಇನ್ನೊಬ್ಬರದು ನಂತರದ 10.80. ಮೇಲ್ನೋಟಕ್ಕೆ ಮೊದಲಿನವರೇ ವೇಗಿ. ಆದರೆ 10.6 ಎಂಬುದು ಕೈಗಡಿಯಾರದ, ಅಂದರೆ ಕೈಯಲ್ಲಿ ಹಿಡಿದ ಸ್ಟಾಪ್‌ವಾಚಿನ ಕಾಲ, 10.80 ಎಂಬುದು ವಿದ್ಯುನ್ಮಾನ ಯಂತ್ರದ ಕಾಲ. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದವರು ಪಿಸ್ತೂಲಿನ ಹೊಗೆ ಕಂಡ ಮೇಲೆ ಗುಂಡಿ ಒತ್ತುತ್ತಾರೆ, ಅಲ್ಲಿ ಒಂದಿಷ್ಟು ತಡವಾಗುತ್ತದೆ. ಮುಕ್ತಾಯದ ಗೆರೆಯಲ್ಲಿ ಓಟಗಾರ ಬರುತ್ತಿರುವುದು ಕಣ್ಣಿಗೆ ಕಾಣುತ್ತಿರುವುದರಿಂದ ಅಷ್ಟು ತಡವಾಗುವುದಿಲ್ಲ. ಹೀಗಾಗಿ ಕೈಗಡಿಯಾರ ಯಾವಾಗಲೂ ಓಟಗಾರನ ಪರ. ಹೋಲಿಸಿ ನೋಡಬೇಕಾದಾಗ 100 ಮತ್ತು 200 ಮೀಟರಿನ ಕೈಗಡಿಯಾರದ ಕಾಲಕ್ಕೆ 0.24 ಸೆಕೆಂಡ್, 400 ಮೀಟರಿಗೆ 0.14 ಸೆಕೆಂಡ್ ಸೇರಿಸುವುದು ರೂಢಿ. 10.6ಕ್ಕೆ 0.24 ಸೇರಿಸಿದರೆ 10.84. ಅಲ್ಲಿಗೆ ಎರಡನೆಯವರು ಕೂದಲೆಳೆಯಷ್ಟು ಮುಂದೆ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಜಿಮ್ ಹೈನ್ಸ್ ನೂರು ಮೀಟರ್ ಗೆದ್ದಾಗ ಕೈಗಡಿಯಾರ ತೋರಿಸಿದ್ದು 9.9, ಯಂತ್ರ ತೋರಿಸಿದ್ದು 9.95. ಕಡಿಮೆ ದೂರದ ಓಟಗಳಿಗೆ ಯಂತ್ರದ ಕಾಲ ಮಾತ್ರ ವಿಶ್ವದಾಖಲೆ ಎಂಬ ನಿಯಮ ಬಂದದ್ದು 1977ರಿಂದ.

ಇಲ್ಲೇ ಇನ್ನೊಂದು ಹೊಂಡವಿದೆ. ಅಂಕಿ ತೋರಿಸುವ ಈಗಿನ ಕೈಗಡಿಯಾರಗಳಲ್ಲಿ 10.52 ಎಂದು ಎರಡು ದಶಮಾಂಶ ಮೂಡುತ್ತದೆ. ಅಂಕಪಟ್ಟಿ ಬರೆಯುವವರು ಅದನ್ನು ಹಾಗೇ ಇಳಿಸಿಬಿಡುತ್ತಾರೆ. ಮೂವತ್ತು ವರ್ಷ ಕಳೆದ ಮೇಲೆ ನೋಡಿದವರಿಗೆ ಅದು ಯಂತ್ರದ ಕಾಲದಂತೆಯೇ ಕಾಣುತ್ತದೆ. ನಿಯಮದಂತೆ ಕೈಗಡಿಯಾರದ ಕಾಲವನ್ನು ಮುಂದಿನ ಹತ್ತನೇ ಭಾಗಕ್ಕೆ ಏರಿಸಿ 10.6 ಎಂದೇ ಬರೆಯಬೇಕಿತ್ತು. ಆದ್ದರಿಂದ ಎರಡು ದಶಮಾಂಶ ಕಂಡೊಡನೆ ನಂಬಬೇಡಿ. ಆ ಕೂಟದಲ್ಲಿ ಫೋಟೊ ಫಿನಿಶ್ ಕ್ಯಾಮೆರಾ, ಅಂದರೆ ಮುಕ್ತಾಯದ ಗೆರೆಯ ಚಿತ್ರ ತೆಗೆದು ಕಾಲ ಹೇಳುವ ಯಂತ್ರ, ಇತ್ತೇ ಎಂದು ಕೇಳಿ. ಹಾಗೆಯೇ ಗಾಳಿ. 100, 200 ಮೀಟರ್, 100 ಮತ್ತು 110 ಮೀಟರ್ ಹರ್ಡಲ್ಸ್, ಉದ್ದ ಜಿಗಿತ, ತ್ರಿವಿಧ ಜಿಗಿತಗಳಲ್ಲಿ ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್ ದಾಟಿದರೆ ಅದು ದಾಖಲೆಯಾಗುವುದಿಲ್ಲ. ಕಾಲೇಜು ಮಟ್ಟದ ಕೂಟಗಳಲ್ಲಿ ಗಾಳಿ ಅಳೆಯುವ ಉಪಕರಣವೇ ಇರದಿರುವುದು ಹೆಚ್ಚು. ಆಗ ಸಾಧನೆಯನ್ನು ಬಿಟ್ಟುಬಿಡಬೇಕಾಗಿಲ್ಲ, ‘ಗಾಳಿ ಅಳೆದಿಲ್ಲ’ ಎಂದು ಪಕ್ಕದಲ್ಲಿ ಬರೆದರಾಯಿತು.

ಅಡಿ, ಅಂಗುಲ, ಗಜಗಳ ಕಾಲದ ಸಾಧನೆಗಳದ್ದು ಇನ್ನೊಂದು ಪಾಡು. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಜೆಸ್ಸಿ ಓವನ್ಸ್, 1935ರ ಮೇ 25ರಂದು ಆನ್ ಆರ್ಬರ್‌ನಲ್ಲಿ ಮುಕ್ಕಾಲು ಗಂಟೆಯೊಳಗೆ ಮಾಡಿದ್ದನ್ನು ನೋಡಿ. 100 ಗಜ 9.4 ಸೆಕೆಂಡ್, ಆಗಿನ ವಿಶ್ವದಾಖಲೆಗೆ ಸಮ. 220 ಗಜ 20.3, ಹೊಸ ದಾಖಲೆ. 220 ಗಜದ ತಗ್ಗು ಹರ್ಡಲ್ಸ್ 22.6, ಹೊಸ ದಾಖಲೆ. ಉದ್ದ ಜಿಗಿತ 26 ಅಡಿ 8 ಕಾಲು ಅಂಗುಲ. ಅದು 25 ವರ್ಷ ಅಳಿಯದೆ ನಿಂತಿತು. ಈ ಜಿಗಿತವನ್ನು ಮೀಟರಿಗೆ ತಂದರೆ 8.13. ಆದರೆ ಹಳೆಯ ವಹಿಗಳಲ್ಲಿ 26 ಅಡಿ 8 ಅಂಗುಲವನ್ನು ಎಷ್ಟೋ ಸಲ 26.8 ಎಂದು ಚುಕ್ಕೆ ಇಟ್ಟು ಬರೆದಿರುತ್ತಾರೆ. ಅದನ್ನು ದಶಮಾಂಶವೆಂದು ತಿಳಿದು 0.3048ರಿಂದ ಗುಣಿಸಿದರೆ 8.17 ಮೀಟರ್ ಬರುತ್ತದೆ. ಕೂತಲ್ಲೇ ನಾಲ್ಕು ಸೆಂಟಿಮೀಟರ್ ಹೆಚ್ಚು ಜಿಗಿದಂತಾಯಿತು! ಮೊದಲು ಎಲ್ಲವನ್ನೂ ಅಂಗುಲಕ್ಕೆ ತಂದು, 2.54ರಿಂದ ಗುಣಿಸಿ, ಉಳಿದ ಮಿಲಿಮೀಟರ್‌ಗಳನ್ನು ಕೆಳಕ್ಕೆ ಬಿಡುವುದು ಸರಿಯಾದ ದಾರಿ. 440 ಗಜ ಎಂದರೆ 402.34 ಮೀಟರ್, 400 ಮೀಟರಿಗೆ ಹೋಲಿಸುವಾಗ ಸುಮಾರು 0.3 ಸೆಕೆಂಡ್ ಕಳೆಯುತ್ತಾರೆ. ಈ ಲೆಕ್ಕವೆಲ್ಲ ಸಮಿತಿಯ ಮೇಜಿಗೆ ಮಾತ್ರ. ಫಲಕದ ಮೇಲೆ ಅವರು ಓಡಿದ ದೂರ, ಆಗ ಘೋಷಿಸಿದ ಕಾಲ ಇದ್ದದ್ದು ಇದ್ದಂತೆಯೇ ಇರಬೇಕು.

ಭರ್ಜಿ ಎಸೆತದಲ್ಲಂತೂ ಉಪಕರಣವೇ ಬದಲಾಗಿದೆ. 1984ರಲ್ಲಿ ಪೂರ್ವ ಜರ್ಮನಿಯ ಉವೆ ಹೋನ್ 104.80 ಮೀಟರ್ ಎಸೆದರು. ಭರ್ಜಿ ಹೀಗೇ ಹಾರಿದರೆ ಕ್ರೀಡಾಂಗಣದೊಳಗೆ ಜಾಗ ಸಾಲದು ಎಂಬ ಭಯ, ಜೊತೆಗೆ ಅದು ಮೂತಿ ಊರದೆ ಮಟ್ಟಸವಾಗಿ ಬೀಳುತ್ತದೆಂಬ ತಕರಾರು. 1986ರಲ್ಲಿ ಪುರುಷರ ಭರ್ಜಿಯ ಗುರುತ್ವ ಕೇಂದ್ರವನ್ನು ನಾಲ್ಕು ಸೆಂಟಿಮೀಟರ್ ಮುಂದಕ್ಕೆ ತಂದರು. ತೂಕ ಅದೇ 800 ಗ್ರಾಂ, ದೂರ ಮಾತ್ರ ಇಳಿಯಿತು. ಮಹಿಳೆಯರ ಭರ್ಜಿ ಬದಲಾದದ್ದು 1999ರಲ್ಲಿ. ಹಾಗಾಗಿ ಕಾಲೇಜಿನ ದಾಖಲೆ ಫಲಕದಲ್ಲಿ ಹಳೆಯ ಭರ್ಜಿ, ಹೊಸ ಭರ್ಜಿ ಎಂದು ಎರಡು ಸಾಲು ಇರಲೇಬೇಕು. ಒಂದೇ ಸಾಲಿದ್ದರೆ 1985ರವರು ಮೇಲೇ ಕೂತಿರುತ್ತಾರೆ, ಆಮೇಲೆ ಎಸೆದ ಒಳ್ಳೆಯ ಪಟುಗಳು ಯಾರ ಕಣ್ಣಿಗೂ ಬೀಳುವುದಿಲ್ಲ.

ಮಹಿಳೆಯರ ಅರ್ಜಿಗಳನ್ನು ತೂಗುವಾಗ ಇನ್ನಷ್ಟು ಎಚ್ಚರ ಇರಲಿ. 1928ರ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 800 ಮೀಟರ್ ಓಟ ಇತ್ತು. ಆಮೇಲೆ ಅದನ್ನು ತೆಗೆದುಹಾಕಿ ಮತ್ತೆ ಸೇರಿಸಿದ್ದು 1960ರಲ್ಲಿ. ನಡುವಿನ ಅಷ್ಟೂ ಒಲಿಂಪಿಕ್ಸ್‌ಗಳಲ್ಲಿ ಮಹಿಳೆಯರಿಗೆ 200 ಮೀಟರಿಗಿಂತ ಉದ್ದದ ಓಟವೇ ಇರಲಿಲ್ಲ. 1500 ಮೀಟರ್ ಬಂದದ್ದು 1972, ಮ್ಯಾರಥಾನ್ 1984, ತ್ರಿವಿಧ ಜಿಗಿತ 1996, ಪೋಲ್ ವಾಲ್ಟ್ 2000. ದೂರದ ಓಟಕ್ಕೆ ಹೇಳಿಮಾಡಿಸಿದ ಕಾಲು ಇದ್ದವರೂ ಆಗ 200 ಮೀಟರ್ ಓಡಿ ಮೂರನೆಯವರಾಗಿ ಮನೆಗೆ ಹೋಗಬೇಕಾಗಿತ್ತು. ‘ಪದಕಗಳ ಸಂಖ್ಯೆ’ ಎಂಬ ಕಾಲಂ ಇಟ್ಟು ಅಂಕ ಕೊಡುವ ಅರ್ಜಿ ನಮೂನೆ ಇಂಥವರನ್ನು ಮೊದಲ ಸುತ್ತಿನಲ್ಲೇ ಹೊರಗೆ ಹಾಕುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಆ ಕಾಲಮ್ಮೇ ಬೇಡ. ಅದರ ಬದಲು ‘ಆ ವರ್ಷ ಇವರಿಗೆ ತೆರೆದಿದ್ದ ಸ್ಪರ್ಧೆಗಳು ಯಾವುವು, ಅವುಗಳಲ್ಲಿ ಇವರ ಸ್ಥಾನ ಎಷ್ಟು’ ಎಂದು ಕೇಳಿ.

ತಂಡದ ಆಟಗಳಲ್ಲಿ ಅಂಕಿ ಇನ್ನೂ ಕಡಿಮೆ ಮಾತಾಡುತ್ತದೆ. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್‌ನಲ್ಲಿ ಮೂರು ಅಂಕದ ಗೆರೆ ಬಂದದ್ದು 1984ರಲ್ಲಿ. ಅದಕ್ಕೆ ಮೊದಲು ದೂರದಿಂದ ಹಾಕಿದ ಚೆಂಡಿಗೂ ಎರಡೇ ಅಂಕ. ವಾಲಿಬಾಲ್‌ನಲ್ಲಿ 1999ರ ನಿಯಮಕ್ಕೆ ಮುಂಚೆ, ಕೊನೆಯ ಸೆಟ್ ಬಿಟ್ಟರೆ, ಸರ್ವ್ ಮಾಡಿದ ತಂಡಕ್ಕೆ ಮಾತ್ರ ಅಂಕ. ಬೇರೆಯವರ ಹೊಡೆತಕ್ಕೆ ಚೆಂಡು ಎತ್ತಿಕೊಡುವ ವಾಲಿಬಾಲ್‌ನ ಸೆಟ್ಟರ್, ಗೋಲು ಆಗದಂತೆ ತಡೆಯುವ ಹಾಕಿಯ ಫುಲ್‌ಬ್ಯಾಕ್ ಇವರಿಗೆಲ್ಲ ಹಳೆಯ ಸ್ಕೋರ್‌ಶೀಟಿನಲ್ಲಿ ಹೆಸರಿನ ಮುಂದೆ ಖಾಲಿ ಜಾಗವೇ. ಎದುರಾಳಿ ತಂಡದಲ್ಲಿ ಆಡಿದ ಇಬ್ಬರಿಂದ ಲಿಖಿತ ಹೇಳಿಕೆ ತರಿಸಿ; ಸ್ವಂತ ತಂಡದವರ ಹೊಗಳಿಕೆಗಿಂತ ಅದಕ್ಕೆ ತೂಕ ಹೆಚ್ಚು. ಗೆದ್ದ ಇಡೀ ತಂಡವನ್ನೇ ಒಂದು ಹೆಸರಾಗಿ ಸೇರಿಸುವ ಅವಕಾಶವೂ ನಿಯಮದಲ್ಲಿರಲಿ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅಮೆರಿಕಕ್ಕೆ 400 ಮೀಟರ್ ರಿಲೇ ಚಿನ್ನ ತಂದ ನಾಲ್ವರು ಮಹಿಳೆಯರೂ ಟೆನೆಸ್ಸಿ ಸ್ಟೇಟ್ ವಿಶ್ವವಿದ್ಯಾಲಯದವರೇ. ವಿಲ್ಮಾ ರುಡಾಲ್ಫ್ ಹೆಸರು ಎಲ್ಲರಿಗೂ ಗೊತ್ತು. ಉಳಿದವರು ಮಾರ್ತಾ ಹಡ್ಸನ್, ಲುಸಿಂಡಾ ವಿಲಿಯಮ್ಸ್, ಬಾರ್ಬರಾ ಜೋನ್ಸ್. 1954ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ರೋಜರ್ ಬ್ಯಾನಿಸ್ಟರ್ ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿದಾಗಲೂ ಮುಂದೆ ಓಡಿ ವೇಗ ಹಿಡಿದುಕೊಟ್ಟವರು ಕ್ರಿಸ್ ಬ್ರಾಷರ್ ಮತ್ತು ಕ್ರಿಸ್ ಚಾಟವೇ.

ಪುರಾವೆಗೆ ಬರೋಣ. ಕೂಟದ ಮೂಲ ಅಂಕಪಟ್ಟಿ ಸಿಕ್ಕರೆ ಅದೇ ಮೊದಲು. ಅದಿಲ್ಲದಿದ್ದರೆ ಮರುದಿನದ ಪತ್ರಿಕೆ, ಆಮೇಲೆ ಕಾಲೇಜಿನ ವಾರ್ಷಿಕ ಸಂಚಿಕೆ, ಕೊನೆಗೆ ಪ್ರಮಾಣಪತ್ರ. ಪ್ರಮಾಣಪತ್ರವನ್ನು ಕೊನೆಗೆ ಹಾಕಿದ್ದೇಕೆಂದರೆ ಅದರಲ್ಲಿ ‘ಭಾಗವಹಿಸಿದರು’ ಎಂದಿರುತ್ತದೆ, ಕಾಲವಾಗಲಿ ಸ್ಥಾನವಾಗಲಿ ಅನೇಕ ಸಲ ಇರುವುದಿಲ್ಲ. ‘ರಾಷ್ಟ್ರಮಟ್ಟದ ಆಟಗಾರ’ ಎಂಬ ಮಾತನ್ನು ಅರ್ಜಿಯಲ್ಲಿ ಕಂಡರೆ ಬಿಡಿಸಿ ಕೇಳಿ. ಶಿಬಿರಕ್ಕೆ ಆಯ್ಕೆಯಾದರೇ, ತಂಡದಲ್ಲಿದ್ದರೇ, ಅಂಕಣಕ್ಕೆ ಇಳಿದರೇ, ಪದಕ ಗೆದ್ದರೇ? ನಾಲ್ಕೂ ಬೇರೆ ಬೇರೆ. ಮದುವೆಯಾದ ಮೇಲೆ ಹೆಸರು ಬದಲಾದವರದು, ಒಂದೇ ಹೆಸರಿನ ಇಬ್ಬರದು, ಇನಿಷಿಯಲ್ ಹಿಂದುಮುಂದಾದವರದು ಗೊಂದಲ ಇದ್ದೇ ಇರುತ್ತದೆ. ಪ್ರವೇಶ ದಾಖಲಾತಿಯ ಜನ್ಮದಿನಾಂಕದೊಂದಿಗೆ ತಾಳೆ ನೋಡಿದರೆ ಬಗೆಹರಿಯುತ್ತದೆ.

ಪಟುಗಳು ಕೊಟ್ಟ ಹಳೆಯ ಫೋಟೊ, ಪತ್ರಿಕೆಯ ತುಣುಕುಗಳನ್ನು ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ. ಆ ಶಾಖಕ್ಕೂ ಅಂಟಿಗೂ ಸಿಕ್ಕ ಕಾಗದವನ್ನು ಮತ್ತೆ ಬಿಡಿಸಲಾಗದು. ಫೋಟೊವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಹಿಂಬದಿಯನ್ನೂ ಮಾಡಿ. ದಿನಾಂಕ, ಹೆಸರುಗಳು ಬರೆದಿರುವುದು ಅಲ್ಲೇ. ಮೂಲವನ್ನು ರಸೀದಿ ಪಡೆದು ವಾಪಸ್ ಕೊಡಿ.

ಆಯ್ಕೆ ಮುಗಿದ ಕೂಡಲೇ ಮಾಧ್ಯಮಕ್ಕೆ ಹೇಳುವುದಕ್ಕಿಂತ ಮೊದಲು ಪಟುವಿಗೆ ಹೇಳಿ, ಒಪ್ಪಿಗೆ ಪಡೆಯಿರಿ. ಬೇಡ ಎನ್ನುವವರೂ ಇದ್ದಾರೆ. ತೀರಿಕೊಂಡವರಾದರೆ ಮನೆಯವರನ್ನು ಕೇಳಿ. ಅಭಿನಂದನಾ ಪತ್ರ ಎಂಬತ್ತು ಪದ ದಾಟದಿರಲಿ, ನಿಧಾನವಾಗಿ ಓದಿದರೆ ಒಂದು ನಿಮಿಷ. ವಿಶೇಷಣ ತೆಗೆದು ಆ ಜಾಗದಲ್ಲಿ ವರ್ಷ, ಕೂಟ, ಅಳತೆ ಹಾಕಿ. ‘ಅಪ್ರತಿಮ ಓಟಗಾರ್ತಿ’ ಎಂದು ಕೇಳಿ ಯಾರೂ ತಲೆ ಎತ್ತುವುದಿಲ್ಲ, ‘58.3 ಸೆಕೆಂಡ್, ಮಣ್ಣಿನ ಟ್ರ್ಯಾಕ್’ ಎಂದರೆ ಓಡಿದವರು ಎತ್ತುತ್ತಾರೆ. ಒಬ್ಬೊಬ್ಬರಿಗೆ ನಾಲ್ಕು ನಿಮಿಷ: ಒಂದು ನಿಮಿಷ ಪತ್ರ, ಒಂದು ನಿಮಿಷ ಫಲಕ ಮತ್ತು ಫೋಟೊ, ಎರಡು ನಿಮಿಷ ಅವರ ಮಾತು. ಅತಿಥಿಗಳ ಭಾಷಣ ಇದೆಲ್ಲ ಆದ ಮೇಲೆ. ಮೊದಲೇ ಇಟ್ಟರೆ ಕಡಿತವಾಗುವುದು ಪಟುಗಳ ಎರಡು ನಿಮಿಷವೇ. ವೇದಿಕೆಗೆ ಇಳಿಜಾರು ದಾರಿ, ಕೈಹಿಡಿ ಇರಲಿ. ವರ್ಷಗಟ್ಟಲೆ ಜಿಗಿದು, ಹರ್ಡಲ್ಸ್ ದಾಟಿದ ಮಂಡಿಗಳಿಗೆ ಎತ್ತರದ ಮೆಟ್ಟಿಲು ಸುಲಭವಲ್ಲ.

ಗೋಡೆಯ ಫಲಕಕ್ಕೆ ಕೆತ್ತುವ ಮೊದಲು ಕರಡನ್ನು ಪಟುವಿಗೇ ಕಳಿಸಿ, ಸಹಿ ಹಾಕಿಸಿ ತರಿಸಿ. ಗೋಡೆಯಲ್ಲಿ ಇಪ್ಪತ್ತು ವರ್ಷಕ್ಕಾಗುವಷ್ಟು ಜಾಗ ಈಗಲೇ ಗುರುತಿಸಿ. ಎಲ್ಲರನ್ನೂ ಒಂದೇ ದೊಡ್ಡ ಹಲಗೆಯಲ್ಲಿ ಕೆತ್ತಿಸದೆ ಒಬ್ಬೊಬ್ಬರಿಗೆ ಒಂದೊಂದು ಬಿಡಿ ಫಲಕ ಮಾಡಿಸಿ, ಸ್ಕ್ರೂ ಹಾಕಿ ಕೂರಿಸಿ. ಮುಂದೊಂದು ದಿನ ಮೂಲ ಅಂಕಪಟ್ಟಿ ಸಿಕ್ಕಿ ವರ್ಷ ತಪ್ಪೆಂದು ತಿಳಿದರೆ ಆ ಒಂದನ್ನೇ ಬಿಚ್ಚಿ ಹೊಸದು ಹಾಕಬಹುದು. ಮೇಲೆ ಚೀಟಿ ಅಂಟಿಸುವ ಗತಿ ಬರುವುದಿಲ್ಲ. ಬಿಚ್ಚಿದ ಹಳೆಯ ಫಲಕವನ್ನು, ಯಾಕೆ ಬದಲಿಸಿದಿರಿ ಎಂಬ ಟಿಪ್ಪಣಿಯೊಡನೆ, ಅವರ ಕಡತದಲ್ಲೇ ಇಡಿ.

ನಮಸ್ಕಾರ.